ಏರ್ ಕಾರ್ಗೋ ವ್ಯಾಪಾರಿಗಳಿಂದ ಸರ್ಕಾರ ಸೆಕ್ಯುರಿಟಿ ಕ್ಲಿಯರೆನ್ಸ್ ಶುಲ್ಕ ತಗೊಳ್ಳೋದು ನ್ಯಾಯವಾ?

ಶುಲ್ಕ ತಗೊಳ್ಳುವುದು ತಪ್ಪಲ್ಲ. ಆದರೆ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಮೊತ್ತ ಹಾಕಿದರೆ ಅದು ನ್ಯಾಯ ಅಲ್ಲ.

ಇಲ್ಲಿ ಎರಡು ಖರ್ಚುಗಳಿವೆ, ಜನ ಬೆರೆಸಿಬಿಡುತ್ತಾರೆ. ಒಂದು, ಕಾರ್ಗೋ ಕಂಪನಿಗೆ ಬೇಕಾದ ಭದ್ರತಾ ಅನುಮತಿ. ಇದು ಕೇಂದ್ರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್ ಕೆಲಸ. ಇನ್ನೊಂದು, ಸರಕಿನ ಎಕ್ಸ್‌ರೇ ತಪಾಸಣೆ. ಅದಕ್ಕೆ ಸಾಮಾನ್ಯವಾಗಿ ಕೆಜಿ ಲೆಕ್ಕ, ಜೊತೆಗೆ ಒಂದು ಕನಿಷ್ಠ ಮೊತ್ತ.

ಈ ಕನಿಷ್ಠ ಮೊತ್ತವೇ ನಮ್ಮಂಥ ಊರಿನವರಿಗೆ ಹೊಡೆತ. ಬೀದರ್‌ನಿಂದ ನಾಲ್ಕು ಬಿದರಿ ಹೂದಾನಿ ಹೊರದೇಶಕ್ಕೆ ಕಳಿಸಬೇಕು ಅಂದುಕೊಳ್ಳಿ. ಮೊದಲು ರಸ್ತೆಯಲ್ಲಿ ಹೈದರಾಬಾದ್‌ಗೆ ಒಯ್ಯಬೇಕು. ಪೆಟ್ಟಿಗೆ ಎಂಟೇ ಕೆಜಿ ತೂಗಿದರೂ ಕನಿಷ್ಠ ಮೊತ್ತ ಕಟ್ಟಲೇಬೇಕು. ಬಿದರಿ ಅಂದ್ರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು. ಎಕ್ಸ್‌ರೇಯಲ್ಲಿ ಒಳಗೇನಿದೆ ಅಂತ ಸರಿಯಾಗಿ ಕಾಣದಿದ್ದರೆ ಪೆಟ್ಟಿಗೆ ಬಿಚ್ಚಿಸಬಹುದು. ಕಾಗದ ಸುತ್ತಿ ಜೋಪಾನವಾಗಿ ಕಟ್ಟಿದ್ದನ್ನೆಲ್ಲ ಮತ್ತೆ ಕಟ್ಟಬೇಕು. ಕಪ್ಪು ಮೈ ಮೇಲಿನ ಬೆಳ್ಳಿ ಬಳ್ಳಿಗೆ ಒಂದು ಗೀರು ಬಿದ್ದರೂ ಮಾಲು ಕೆಟ್ಟ ಹಾಗೆ, ಅಲ್ವಾ?

ಹಾಗಂತ ತಪಾಸಣೆ ಬೇಡ ಅನ್ನಲ್ಲ. ಪ್ರಯಾಣಿಕರು ಕೂತ ವಿಮಾನದ ಹೊಟ್ಟೆಯಲ್ಲೇ ಎಷ್ಟೋ ಸರಕು ಹೋಗುತ್ತದೆ. ಅಲ್ಲಿ ಸಡಿಲ ಬಿಡಲೇಬಾರದು.

ಆದರೆ ಸರಕು ಕಳಿಸಿಕೊಡುವ ಕಾರ್ಗೋ ಏಜೆಂಟ್ ಕಟ್ಟಿದ ಶುಲ್ಕ ಕೊನೆಗೆ ಸುತ್ತಿ ಬಂದು ಬೀಳುವುದು ಕುಶಲಕರ್ಮಿಯ ಬಿಲ್ಲಿಗೇ. ಅದಕ್ಕೇ ನನ್ನ ಪ್ರಕಾರ ಅನುಮತಿ ಶುಲ್ಕ ವಹಿವಾಟಿನ ಗಾತ್ರ ನೋಡಿ ಇರಬೇಕು. ಅರ್ಜಿ ಪರಿಶೀಲಿಸಲು ತಗಲುವ ಖರ್ಚಿಗಿಂತ ಜಾಸ್ತಿ ಇರಬಾರದು. ಸಣ್ಣ ಪೆಟ್ಟಿಗೆಗಳಿಗೆ ಕನಿಷ್ಠ ಮೊತ್ತವನ್ನೂ ಇಳಿಸಬೇಕು.