ಟೀಚರ್, ಒಂದು ಪ್ರಶ್ನೆ: 41 ಮಕ್ಕಳ ಹೈಸ್ಕೂಲಿಗೆ ಮಗಳನ್ನು ಕಳಿಸಲೇ?

ಪ್ರಶ್ನೆ: ನಮ್ಮ ಮಗಳು ಏಳನೇ ಕ್ಲಾಸು ಮುಗಿಸಿದಳು. ಒಂದರಿಂದಲೂ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು. ಸರ್ಕಾರಿ ಹೈಸ್ಕೂಲು ಮನೆಯಿಂದ ಒಂದೂವರೆ ಕಿಲೋಮೀಟರ್. ಆದರೆ ಮೂರು ಕ್ಲಾಸೂ ಸೇರಿ 41 ಮಕ್ಕಳು ಮಾತ್ರ. ಉಡುಪಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿ ಅಂತ ಮನೆಯಲ್ಲಿ ಒತ್ತಾಯ. ಬಸ್ಸಿನಲ್ಲಿ ಹೋಗಿ ಬರಲು ಎರಡು ಗಂಟೆ ಬೇಕು. ಏನು ಮಾಡಲಿ?
– ಒಬ್ಬ ತಾಯಿ, ಪೆರ್ಡೂರು ಕಡೆ

ಉತ್ತರ: ನಾನು 31 ವರ್ಷ ಗಣಿತ ಕಲಿಸಿದ್ದು ಇಂಥ ಶಾಲೆಗಳಲ್ಲೇ. ನಿವೃತ್ತಿಯಾಗುವಾಗ ನನ್ನ ಹತ್ತನೇ ಕ್ಲಾಸಿನಲ್ಲಿ ಇದ್ದದ್ದು 13 ಮಕ್ಕಳು. ಹಾಗಾಗಿ ನಿಮ್ಮ ‘ಮಾತ್ರ’ ಓದುವಾಗ ಸ್ವಲ್ಪ ಬೇಜಾರಾಯಿತು. ಯಾಕೆ ಅಂತ ಹೇಳುತ್ತೇನೆ.

ಎಂಟನೇ ಕ್ಲಾಸಿಗೆ ಒಬ್ಬಳು ಹುಡುಗಿ ಬಂದಳು. ಭಾಗಾಕಾರ ಅಂದರೆ ಅಳುವೇ ಬರುತ್ತಿತ್ತು. ಬೋರ್ಡಿನ ಹತ್ತಿರ ಕರೆದರೆ ಚಾಕ್‌ಪೀಸ್ ಹಿಡಿದು ಸುಮ್ನೆ ನಿಲ್ಲುತ್ತಿದ್ದಳು. ಒಂದು ದಿನ ಅವಳ ಬೆರಳ ತುದಿ ನೋಡಿದೆ. ಹೊಗೆಸೊಪ್ಪಿನ ಬಣ್ಣ. ಮನೆಯಲ್ಲಿ ತಾಯಿ ಬೀಡಿ ಕಟ್ಟುತ್ತಾರೆ, ಇವಳು ಸಂಜೆ ಎಣಿಸಿ ಕಟ್ಟು ಮಾಡಿ ಕೊಡುತ್ತಾಳೆ ಅಂತ ಗೊತ್ತಾಯಿತು. ಒಂದು ಕಟ್ಟಿಗೆ 25 ಬೀಡಿ. ‘ಸಾವಿರ ಬೀಡಿಗೆ ಎಷ್ಟು ಕಟ್ಟು?’ ಅಂದೆ. ‘ನಲವತ್ತು ಟೀಚರ್.’ ‘ಆರುನೂರೈವತ್ತಕ್ಕೆ?’ ‘ಇಪ್ಪತ್ತಾರು.’ ತಟ್ಟನೆ ಹೇಳಿದಳು. ನೀನು ಈಗ ಮಾಡಿದ್ದೇ ಭಾಗಾಕಾರ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ತುಂಬಾ ಹೊತ್ತು ಆ ಲೆಕ್ಕವನ್ನೇ ನೋಡುತ್ತಾ ನಿಂತಳು. ಅರುವತ್ತು ಮಕ್ಕಳ ಕ್ಲಾಸಿನಲ್ಲಿ ಆ ಬೆರಳು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಆದರೆ ಚಿಕ್ಕ ಶಾಲೆ ಎಂದ ಮಾತ್ರಕ್ಕೆ ಒಳ್ಳೆಯ ಶಾಲೆ ಎಂದು ನಾನು ಹೇಳುವುದಿಲ್ಲ. ಒಂದು ಶಾಲೆಯಲ್ಲಿ ನಾನಿದ್ದಾಗ ಇಂಗ್ಲಿಷ್ ಮೇಷ್ಟ್ರಿಗೆ ಜುಲೈಯಲ್ಲಿ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಆ ವರ್ಷ ಗಣಿತದ ಜೊತೆ ಇಂಗ್ಲಿಷನ್ನೂ ನಾನೇ ಮಾಡಿದೆ. ನಾಲ್ಕು ಮಕ್ಕಳು ಇಂಗ್ಲಿಷಿನಲ್ಲೇ ಫೇಲಾದರು. ಆ ನಾಲ್ಕು ಮುಖ ಇವತ್ತಿಗೂ ನೆನಪಿದೆ. ಅದಕ್ಕೇ ಹೇಳುವುದು, ಮೊದಲು ನೀವೇ ಒಂದು ದಿನ ಶಾಲೆಗೆ ಹೋಗಿ ಬನ್ನಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ, ಅತಿಥಿ ಶಿಕ್ಷಕರಾ, ಅವರು ಜೂನ್‌ನಲ್ಲೇ ಬರುತ್ತಾರಾ ಅಂತ ಕೇಳಿ. ಹುಡುಗಿಯರ ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಲ್ಯಾಬಿನ ಬೀಗ ತೆಗೆಸಿ. ಗಾಜಿನ ಸಾಮಾನಿನ ಮೇಲೆ ಧೂಳು ಕೂತಿದ್ದರೆ ಅಲ್ಲಿ ಪ್ರಯೋಗ ನಡೆಯುತ್ತಿಲ್ಲ ಅಂತ ಅರ್ಥ. ಇಷ್ಟೂ ಸರಿ ಇದ್ದರೆ ಕಣ್ಣುಮುಚ್ಚಿ ಸೇರಿಸಿ. ಒಂದು ಹುದ್ದೆ ಖಾಲಿ ಇದ್ದರೂ ಸೇರಿಸಿ, ಆದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ತಪ್ಪದೆ ಹೋಗಿ ಅದನ್ನು ಕೇಳುತ್ತಲೇ ಇರಿ. ತಾಯಂದಿರು ಬಂದು ಕೇಳಿದಾಗ ಆಗುವಷ್ಟು ಕೆಲಸ ನಮ್ಮ ಪತ್ರಗಳಿಂದ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ, ಇದು ಎಷ್ಟೋ ಮನೆಯವರಿಗೆ ಪಿಯುಸಿ ಮುಗಿದ ಮೇಲೆ ಗೊತ್ತಾಗುತ್ತದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳ ಸಿಇಟಿ ಸೀಟಿನಲ್ಲಿ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ನಿಮ್ಮ ಮಗಳಿಗೆ ಏಳು ವರ್ಷ ಆಗಿದೆ. ಈಗ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಎರಡೂ ಕೈಬಿಟ್ಟು ಹೋಗುತ್ತದೆ. ಆದಾಯದ ಷರತ್ತು ನಿಮಗೆ ಅನ್ವಯಿಸುತ್ತದಾ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯೂ ಇದೆ. ಎಂಟನೇ ಕ್ಲಾಸಿನಲ್ಲಿ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗಷ್ಟೇ ಅದು. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು. ಶಾಲೆ ಶುರುವಾದ ವಾರವೇ ಹೆಡ್‌ಮಾಸ್ಟರಿಗೆ ನೆನಪು ಮಾಡಿ.

ಪಿಯುಸಿಯಲ್ಲಿ ಇಂಗ್ಲಿಷ್ ಕಷ್ಟವಾಗುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಮೊದಲ ಮೂರು ತಿಂಗಳು ಕಷ್ಟವೇ. ನಾನು ಒಂಬತ್ತನೇ ಕ್ಲಾಸಿನಿಂದ ಬೋರ್ಡಿನಲ್ಲಿ ಎರಡೂ ಹೆಸರು ಬರೆಯುತ್ತಿದ್ದೆ. ವೇಗೋತ್ಕರ್ಷದ ಪಕ್ಕ ಆಕ್ಸಲರೇಷನ್, ಲ.ಸಾ.ಅ. ಪಕ್ಕ ಎಲ್‌ಸಿಎಂ. ಮಗಳಿಗೆ ಒಂದು ನೂರು ಪುಟದ ಪುಸ್ತಕ ಕೊಡಿ, ದಿನಕ್ಕೆ ಐದು ಶಬ್ದ ಹೀಗೆ ಬರೆದಿಡಲಿ.

ಬಸ್ಸಿನ ಎರಡು ಗಂಟೆಯನ್ನೂ ಲೆಕ್ಕ ಹಾಕಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಅಂತ ಯಾರಾದರೂ ಹೇಳಬಹುದು. ನಮ್ಮ ಹಳ್ಳಿ ದಾರಿಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸೇ ಅಲ್ವಾ? ಜುಲೈ ಮಳೆಯಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತುಕೊಂಡು ಬಂದ ಮಗು ರಾತ್ರಿ ಪುಸ್ತಕ ಬಿಡಿಸುವುದಿಲ್ಲ.

ಪ್ರಶ್ನೆ: ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದೇನೆ. ನಾನು ಓದಿದ ಊರಿನ ಹೈಸ್ಕೂಲಿಗೆ ತಂದೆಯ ಹೆಸರಲ್ಲಿ ಮಹಾದ್ವಾರ ಕಟ್ಟಿಸಬೇಕೆಂದಿದ್ದೇನೆ. ಒಳ್ಳೆಯದಲ್ವಾ?
– ಹಳೆ ವಿದ್ಯಾರ್ಥಿ

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಆದರೆ ದ್ವಾರ ಬೇಡ. ಹೆಡ್‌ಮಾಸ್ಟರ ಹತ್ತಿರ ಕೂತು ಕೇಳಿ. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಬೇಕಾಗಿರಬಹುದು. ಒಬ್ಬ ಅತಿಥಿ ಶಿಕ್ಷಕರ ಸಂಬಳ ಬೇಕಾಗಿರಬಹುದು. ದೂರದ ಮನೆಗಳಿಂದ ಮಕ್ಕಳನ್ನು ಕರೆತರುವ ಒಂದು ವ್ಯಾನ್ ಕೊಟ್ಟರೆ ಶಾಲೆಯೇ ಉಳಿಯಬಹುದು. ಮಕ್ಕಳು ಬಾರದೆ ಶಾಲೆ ಮುಚ್ಚಿದರೆ ದ್ವಾರ ಯಾರಿಗೆ?

ಹರೇಕಳ ಹಾಜಬ್ಬರನ್ನು ನೆನಪಿಸಿಕೊಳ್ಳಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟ ಅವರನ್ನು ಕಾಡಿತು. ತನ್ನ ಊರು ನ್ಯೂಪಡ್ಪುವಿಗೆ ಒಂದು ಶಾಲೆ ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದರು, ದುಡಿದ ದುಡ್ಡು ಸುರಿದರು. 28 ಮಕ್ಕಳಿಂದ ಶುರುವಾದ ಶಾಲೆ ಹೈಸ್ಕೂಲಿನವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವ್ಯಾನಿನ ಬಾಗಿಲಿಗೆ ತಂದೆಯ ಹೆಸರು ಬರೆಸಿ, ಮಕ್ಕಳು ದಿನಾ ಎರಡು ಸಲ ಓದುತ್ತಾರೆ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಯಕ್ಷಗಾನ ತರಗತಿಗೆ ಸೇರಿದ್ದಾನೆ. ಮಾರ್ಕು ಇಳಿಯಬಹುದೇ?
– ತಂದೆ, ಬ್ರಹ್ಮಾವರ

ಉತ್ತರ: ಸೇರಲಿ ಬಿಡಿ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಕಲಿಸುತ್ತಿದೆ, ದುಡ್ಡು ಕೊಟ್ಟರೂ ಸಿಗದ ಪಾಠ ಅದು. ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗನೊಬ್ಬ ಬಣ್ಣ ಹಚ್ಚಿ ರಂಗಕ್ಕೆ ಬಂದು ಹತ್ತು ನಿಮಿಷ ತಡವರಿಸದೆ ಅರ್ಥ (ಪಾತ್ರದ ಮಾತು) ಹೇಳಿದ್ದನ್ನು ಕೇಳಿದ್ದೇನೆ. ಮರುದಿನದಿಂದ ಅವನು ಕ್ಲಾಸಿನಲ್ಲೂ ಕೈ ಎತ್ತತೊಡಗಿದ. ಹತ್ತನೇ ಕ್ಲಾಸಿನ ಜನವರಿ ನಂತರ ಮಾತ್ರ ಗೆಜ್ಜೆ ಬಿಚ್ಚಿಡಲಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ಕಟ್ಟಲಿ.