ಉಬುಂಟುವಿನಲ್ಲಿ ಪ್ಯಾಕೇಜ್ ತೆಗೆದರೂ ಡಿಸ್ಕ್ ಯಾಕೆ ಖಾಲಿಯಾಗುತ್ತಿಲ್ಲ?

ಪ್ಯಾಕೇಜ್ (ಅಂದರೆ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್) ತೆಗೆಯುವ 'ಸುಡೊ ಆಪ್ಟ್ ರಿಮೂವ್' (sudo apt remove) ಕಮಾಂಡ್ ಕೊಟ್ಟ ಮೇಲೂ ಡಿಸ್ಕ್ ತುಂಬಿಯೇ ಇದೆ ಅಂತ ಕೇಳಿದ್ದೀರಿ. ರಿಮೂವ್ ನೀವು ಹೇಳಿದ ಪ್ಯಾಕೇಜನ್ನು ತೆಗೆಯುತ್ತದೆ, ಅದರ ಜೊತೆ ಬಂದ ಲೈಬ್ರರಿಗಳು (ಅದು ಓಡಲು ಬೇಕಾದ ಸಹಾಯಕ ಪ್ಯಾಕೇಜ್‌ಗಳು) ಸುಮ್ನೆ ಉಳಿದುಬಿಡುತ್ತವೆ. ಅವಕ್ಕೆ 'ಸುಡೊ ಆಪ್ಟ್ ಆಟೊರಿಮೂವ್' ಕೊಡಿ. ಸಿಸ್ಟಮ್ ಸೆಟ್ಟಿಂಗ್ ಫೈಲ್‌ಗಳೂ ಬೇಡ ಅಂದರೆ ರಿಮೂವ್ ಬದಲು 'ಪರ್ಜ್'. ಹೋಮ್ ಫೋಲ್ಡರ್‌ನಲ್ಲಿರುವ ನಿಮ್ಮ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ. 'ಆಪ್ಟ್-ಗೆಟ್' ಬಳಸುತ್ತಿದ್ದರೆ ಡೌನ್‌ಲೋಡ್ ಆದ ಡೆಬ್ ಫೈಲ್‌ಗಳೂ (ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಫೈಲ್‌ಗಳು) ಕೂತಿರುತ್ತವೆ, 'ಸುಡೊ ಆಪ್ಟ್ ಕ್ಲೀನ್' ಸಾಕು.

ಆದರೆ ತೆಗೆಯಲು ಒಪ್ಪಿ 'ವೈ' ಒತ್ತುವ ಮುಂಚೆ, ಏನೇನು ಹೋಗುತ್ತದೆ ಅಂತ ಆಪ್ಟ್ ತೋರಿಸುವ ಪಟ್ಟಿ ಓದಿ, ದಯವಿಟ್ಟು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗೆಳೆಯರೊಬ್ಬರ ಡಿಟಿಪಿ ಅಂಗಡಿ ಇದೆ. ಅಲ್ಲಿ ನಾನು ಹಳೆಯದು ಅಂದುಕೊಂಡು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್ ತೆಗೆದೆ. ಅದನ್ನು ನಂಬಿಕೊಂಡಿದ್ದ ಡೆಸ್ಕ್‌ಟಾಪೂ ಹೋಯಿತು. ರೀಬೂಟ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ ಅಷ್ಟೇ. ಅವತ್ತು ಮದುವೆ ಪತ್ರಿಕೆ ಪ್ರಿಂಟ್ ಆಗಬೇಕಿತ್ತು, ನನಗೆ ತುಂಬಾ ಬೇಜಾರಾಯಿತು.

ಈಗ ಮೊದಲು ಕಮಾಂಡಿಗೆ 'ಡ್ಯಾಶ್ ಎಸ್' (-s) ಸೇರಿಸುತ್ತೇನೆ. ಏನನ್ನೂ ಅಳಿಸದೆ, ಏನೇನು ಹೋಗುತ್ತದೆ ಅಂತ ಮಾತ್ರ ತೋರಿಸುತ್ತದೆ. ಆಗಲೇ ತೆಗೆದುಬಿಟ್ಟಿದ್ದರೆ '/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್' (/var/log/apt/history.log) ಫೈಲ್ ತೆರೆಯಿರಿ. ಹೋದ ಪ್ಯಾಕೇಜ್‌ಗಳ ಹೆಸರು ದಿನಾಂಕದ ಸಮೇತ ಅಲ್ಲಿರುತ್ತದೆ, ನೋಡಿಕೊಂಡು ಮತ್ತೆ ಇನ್‌ಸ್ಟಾಲ್ ಮಾಡಬಹುದು.