ಶುಗರ್ ರಾತ್ರಿ ಮಲಗುವಾಗ 134, ಬೆಳಿಗ್ಗೆ 188 (mg/dL)

ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ಮಹಿಳೆ, ವಯಸ್ಸು 56, ಊರು ಕುಂದಾಪುರದ ಕಡೆ. ಟೈಪ್ 2 ಡಯಾಬಿಟಿಸ್. ಮೆಟ್‌ಫಾರ್ಮಿನ್ ಮಾತ್ರೆ, ಜೊತೆಗೆ ಸಂಜೆ 7ಕ್ಕೆ 14 ಯೂನಿಟ್ ಎನ್‌ಪಿಎಚ್ (ಮಧ್ಯಮ ಅವಧಿ ಕೆಲಸ ಮಾಡುವ) ಇನ್ಸುಲಿನ್. "ಮಲಗುವಾಗ ಶುಗರ್ ಸರಿಯೇ ಇರುತ್ತದೆ, ಏನೂ ತಿನ್ನದೆ ಬೆಳಿಗ್ಗೆ ಹೇಗೆ ಏರುತ್ತದೆ?" ಎಂಬುದು ಅವರ ಪ್ರಶ್ನೆ. ತಪ್ಪು ಅನ್ನದ್ದೆಂದು ರಾತ್ರಿಯ ಕುಚ್ಚಲಕ್ಕಿ ಗಂಜಿ ಬಿಟ್ಟಾಗಿತ್ತು. ಲೋಕಲ್ ಟ್ರೇನಿನ ಗೆಳತಿಯೊಬ್ಬರ ಮಾತು ಕೇಳಿ ಇನ್ಸುಲಿನ್ ತಾವೇ 2 ಯೂನಿಟ್ ಏರಿಸುವ ಯೋಚನೆಯೂ ಇತ್ತು.

ಏರಿಸುವ ಮೊದಲು ರಾತ್ರಿ 3 ಗಂಟೆಯ ರೀಡಿಂಗ್ ಬೇಕೆಂದೆವು. ಆ ಹೊತ್ತಿಗೆ 70ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ಜಾಸ್ತಿಯಾಗಿದೆ ಎಂದರ್ಥ. ಆಗ ಡೋಸ್ ಏರಿಸುವುದು ಅಪಾಯ. ನಿದ್ದೆಯಲ್ಲಿ ಬೆವರು, ಕೆಟ್ಟ ಕನಸು, ಎದ್ದಾಗ ತಲೆನೋವು ಅದರ ಸುಳಿವು. ಇವರಿಗೆ ಇವು ಯಾವುವೂ ಇರಲಿಲ್ಲ. ಮೂರು ರಾತ್ರಿಯ 3 ಗಂಟೆಯ ಲೆಕ್ಕ 142, 138, 147. ಬೆಳಿಗ್ಗೆ 6ಕ್ಕೆ 188, 181, 193.

ಅಂದರೆ ಏರಿಕೆಯೆಲ್ಲ ನಸುಕಿನದು. ಆ ಹೊತ್ತಿಗೆ ಕಾರ್ಟಿಸೋಲ್, ಗ್ರೋತ್ ಹಾರ್ಮೋನ್ ಹೆಚ್ಚಿ ಲಿವರ್ ರಕ್ತಕ್ಕೆ ಗ್ಲೂಕೋಸ್ ಬಿಡುತ್ತದೆ. ಡಯಾಬಿಟಿಸ್ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿ ಒಂದಿಷ್ಟು ಹೆಚ್ಚು ಇನ್ಸುಲಿನ್ ಕೊಟ್ಟು ಸರಿದೂಗಿಸುತ್ತದೆ. ಇವರಿಗೆ ಅದಾಗದು. ಮೇಲಾಗಿ ಎನ್‌ಪಿಎಚ್‌ನ ಜೋರು ಚುಚ್ಚಿದ 4ರಿಂದ 10 ಗಂಟೆಯೊಳಗೆ. ಸಂಜೆ 7ರ ಡೋಸ್ ಬೇಡದ ನಡುರಾತ್ರಿ ದುಡಿದು, ಬೇಕಾದ ಹೊತ್ತಿಗೆ ಸೊರಗುತ್ತಿತ್ತು. ಗಂಜಿ ಬಿಟ್ಟು ಲಾಭವಾಗದಿದ್ದುದು ಇದಕ್ಕೇ.

ವೈದ್ಯರು ಯೂನಿಟ್ ಬದಲಿಸದೆ ಸಮಯವನ್ನಷ್ಟೇ ರಾತ್ರಿ 10ಕ್ಕೆ ಸರಿಸಿದರು. ಆ ವಾರ 3 ಗಂಟೆಗೆ ಎರಡು ಸಲ ಪರೀಕ್ಷೆ ಕಡ್ಡಾಯ. 70ರ ಕೆಳಗೆ ಬಂದರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಬೆಳಿಗ್ಗೆ ವೈದ್ಯರಿಗೆ ಫೋನ್. ಗಂಜಿ ವಾಪಸ್ ಬಂತು, ಒಂದೇ ಬಟ್ಟಲು, 8:30ರೊಳಗೆ, ಪಲ್ಯ ಧಾರಾಳ.

ಇನ್ಸುಲಿನ್ ಪೆನ್ ಹಿಡಿಯುವುದನ್ನು ನೋಡಿದಾಗ ಇನ್ನೂ ಎರಡು ತಪ್ಪು ಸಿಕ್ಕವು. ಅಂಗೈಗಳ ನಡುವೆ ಹೊರಳಿಸದೆ ಚುಚ್ಚುತ್ತಿದ್ದರು; ಎನ್‌ಪಿಎಚ್ ತಳಕ್ಕಿಳಿಯುವಂಥದ್ದು, ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ವಾಲಿಸಿ, ಪೂರ್ತಿ ಹಾಲಿನ ಬಣ್ಣಕ್ಕೆ ಬಂದ ಮೇಲೆಯೇ ತಗೋಬೇಕು. ಹೊಕ್ಕುಳಿನ ಬಲಕ್ಕೆ ಚುಚ್ಚಿ ಚುಚ್ಚಿ ಗಂಟಾಗಿತ್ತು. ಅಲ್ಲಿ ನೋವಾಗದೆಂದೇ ಅದೇ ಜಾಗ ಹಿಡಿದಿದ್ದರು. ಗಂಟಿನಿಂದ ಮೈ ಎಷ್ಟು ಇನ್ಸುಲಿನ್ ಹೀರುತ್ತದೆ ಎಂಬ ಭರವಸೆಯಿಲ್ಲ. ಜಾಗ ಬದಲಿಸಿದರೆ ಅದೇ ಡೋಸ್ ಜೋರಾಗಿ ತಾಗಬಹುದು, ಹಾಗಾಗಿ ಇದನ್ನೂ ವೈದ್ಯರಿಗೆ ತಿಳಿಸಿದೆವು.

ಎರಡು ವಾರದಲ್ಲಿ 6 ಗಂಟೆಯ ರೀಡಿಂಗ್ 124 ಮತ್ತು 136ರ ನಡುವೆ ಇಳಿಯಿತು. ಆದರೆ 9:30ಕ್ಕೆ, ಪೂಜೆ ಮುಗಿಯುವ ಹೊತ್ತಿಗೆ, ಹೊಟ್ಟೆ ಖಾಲಿಯಿದ್ದೂ 170. ಉಪವಾಸವಿದ್ದಷ್ಟು ಹೊತ್ತು ಲಿವರ್ ಗ್ಲೂಕೋಸ್ ಬಿಡುವುದನ್ನು ನಿಲ್ಲಿಸುವುದಿಲ್ಲ. ಪೂಜೆಗೆ ಮುಂಚೆ ತಿನ್ನಲು ಅವರು ಒಪ್ಪಲಿಲ್ಲ. ಒತ್ತಾಯಿಸದೆ ಪೂಜೆಯನ್ನೇ 7ಕ್ಕೆ, ತಿಂಡಿಯನ್ನು 7:30ಕ್ಕೆ ತಂದೆವು.